ಭದ್ರಾವತಿಯ ಹಳೆಯ ಅಂಗಡಿಸಾಲುಗಳನ್ನು ಫೋಟೋದಲ್ಲಿ ದಾಖಲಿಸುವ ಬಗೆ

ಭದ್ರಾವತಿ ಎಂದರೆ ಕ್ಯಾಮೆರಾ ಹಿಡಿದವರಿಗೆ ನೆನಪಾಗುವುದು ಕಾರ್ಖಾನೆಯ ಚಿಮಣಿ, ಭದ್ರಾ ಹೊಳೆ ಮತ್ತು ಹಳೇನಗರದಲ್ಲಿರುವ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ. ಈ ಮೂರರ ಚಿತ್ರಗಳಿಗೂ ಕೊರತೆಯಿಲ್ಲ. ಆದರೆ ಸಂಬಳದ ದಿನ ಕಾರ್ಮಿಕರ ಕೈಯಿಂದ ಹೊರಟ ದುಡ್ಡು ಹೋಗಿ ಸೇರುತ್ತಿದ್ದ ಕಿರಾಣಿ ಅಂಗಡಿ, ಬಟ್ಟೆ ಅಂಗಡಿ, ಸೈಕಲ್ ಶಾಪು, ಹಿಟ್ಟಿನ ಗಿರಣಿ, ಟೈಲರ್ ಅಂಗಡಿ, ಪ್ರಿಂಟಿಂಗ್ ಪ್ರೆಸ್ಸುಗಳ ಮುಂಗಟ್ಟನ್ನು ಉದ್ದೇಶವಿಟ್ಟು ಚಿತ್ರ ತೆಗೆಯುವವರು ವಿರಳ. ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಈ ಊರು ಪಟ್ಟಣವಾದದ್ದು ಕಬ್ಬಿಣದಿಂದ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಮೈಸೂರು ಸಂಸ್ಥಾನವು 1918ರಲ್ಲಿ ಕೈಗೆತ್ತಿಕೊಂಡ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1930ರ ದಶಕದಲ್ಲಿ ಕಾಗದ ಕಾರ್ಖಾನೆಯೂ ಬಂದು, ಅದರ ಸುತ್ತ ಕಾಗದನಗರ ಬೆಳೆಯಿತು. ಕಾರ್ಖಾನೆಗಳ ಇತಿಹಾಸ ಸರ್ಕಾರಿ ಕಡತಗಳಲ್ಲಿ ಸಿಗುತ್ತದೆ. ಅವುಗಳ ಬೆನ್ನಿಗೆ ಹುಟ್ಟಿದ ಅಂಗಡಿಗಳ ಇತಿಹಾಸ ಮುಕ್ಕಾಲು ಪಾಲು ಗೋಡೆಯ ಮೇಲೂ ಬೋರ್ಡಿನ ಮೇಲೂ ಮಾತ್ರ ಉಳಿದಿದೆ.

ಕಾನೂನಿನ ರಕ್ಷಣೆ ಇವಕ್ಕೆ ದೊರೆಯುವ ಸಂಭವ ಕಡಿಮೆ. ಕೇಂದ್ರ ಸರ್ಕಾರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯು ಕನಿಷ್ಠ ನೂರು ವರ್ಷ ಹಳೆಯದಾದ ಕಟ್ಟಡವನ್ನಷ್ಟೇ ಸ್ಮಾರಕವೆಂದು ಪರಿಗಣಿಸುತ್ತದೆ. 1940ರಲ್ಲೋ 1955ರಲ್ಲೋ ಕಟ್ಟಿದ ಹೆಂಚಿನ ಮಾಡಿನ ಅಂಗಡಿಸಾಲು ಆ ಲೆಕ್ಕಕ್ಕೆ ಬರುವ ಮೊದಲೇ ಕಾಂಪ್ಲೆಕ್ಸ್ ಆಗಿಬಿಟ್ಟಿರುತ್ತದೆ. ಹಾಗಾಗಿ ಇಲ್ಲಿ ಫೋಟೋ ತೆಗೆಯುವವರ ಕೆಲಸ ಅಲಂಕಾರದ್ದಲ್ಲ, ದಾಖಲೆಯದು. ಈ ಒಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದೆ ಹೇಳುವ ಕ್ರಮವೆಲ್ಲ ತಾನಾಗಿ ಹೊಂದಿಕೊಳ್ಳುತ್ತದೆ: ನೇರವಾದ, ನೆರಳಿನಿಂದ ಮುಚ್ಚಿಹೋಗದ, ಅಕ್ಷರಗಳು ಓದಲು ಬರುವ, ಎಲ್ಲಿ ಯಾವಾಗ ತೆಗೆದದ್ದೆಂದು ಬರೆದಿಟ್ಟ ಚಿತ್ರ ಬೇಕು. ಉದುರಿದ ಗಾರೆಯನ್ನೂ ತುಕ್ಕು ಹಿಡಿದ ಬೀಗವನ್ನೂ ಹುಡುಕಿ, ಬಣ್ಣ ತೆಗೆದು ಕಪ್ಪುಬಿಳುಪು ಮಾಡಿ, ಇನ್ನೂ ದಿನಕ್ಕೆ ನೂರು ಗಿರಾಕಿ ಬರುವ ಅಂಗಡಿಯನ್ನು ಪಾಳುಮನೆಯಂತೆ ತೋರಿಸುವ ಚಿತ್ರಗಳನ್ನು ನಾನಂತೂ ಒಪ್ಪುವುದಿಲ್ಲ. ಅದು ಅಂಗಡಿಯವರಿಗೆ ಮಾಡುವ ಅವಮಾನವೂ ಹೌದು.

ಕ್ಯಾಮೆರಾ ಇಲ್ಲದೆ ಒಂದು ಸುತ್ತು

ಮೊದಲ ದಿನ ಫೋಟೋ ತೆಗೆಯಬಾರದು. ಒಂದು ನೋಟ್ ಪುಸ್ತಕ, ಪೆನ್ನು ಮತ್ತು ಫೋನಿನಲ್ಲಿರುವ ದಿಕ್ಸೂಚಿ ಇಷ್ಟನ್ನೇ ಹಿಡಿದು ಒಂದು ರಸ್ತೆಯನ್ನು ಆರಿಸಿಕೊಂಡು ನಡೆಯಬೇಕು. ಬಿ.ಹೆಚ್. ರಸ್ತೆ, ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ, ಊರಿನ ನಡುವೆ ಹಾದುಹೋಗುವುದರಿಂದ ಎಲ್ಲರೂ ಅಲ್ಲಿಂದಲೇ ತೊಡಗುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಹೆದ್ದಾರಿಯ ಮೇಲಿನ ಮುಂಗಟ್ಟುಗಳು ಅಗಲೀಕರಣಕ್ಕೂ ಹೊಸ ಶೋರೂಮುಗಳಿಗೂ ಬೇಗ ಬಲಿಯಾಗುವುದರಿಂದ ಹಳೆಯ ಸಾಲುಗಳು ಹೆಚ್ಚಾಗಿ ಉಳಿದಿರುವುದು ಅಡ್ಡರಸ್ತೆಗಳಲ್ಲಿ. ಹಳೇನಗರದ ಒಳದಾರಿಗಳು, ಚನ್ನಗಿರಿ ರಸ್ತೆ, ಹೊಸಮನೆ, ಜನ್ನಾಪುರ, ನ್ಯೂಟೌನಿನ ಕ್ವಾರ್ಟರ್ಸುಗಳ ಅಂಚು, ಹೀಗೆ ಒಂದೊಂದೇ ಭಾಗವನ್ನು ಪೂರ್ತಿಯಾಗಿ ನಡೆದು ಮುಗಿಸುವುದು ಮೇಲು. ಶಿವಮೊಗ್ಗದ ಗಾಂಧಿ ಬಜಾರಿಗೋ ದುರ್ಗಿಗುಡಿಗೋ ಸಾಗರ, ತೀರ್ಥಹಳ್ಳಿಯ ಪೇಟೆಬೀದಿಗೋ ಹೋಗುವವರಿಗೂ ಇದೇ ಕ್ರಮ ಸಾಕು.

ನಡೆಯುವಾಗ ಕಣ್ಣು ನೆಲ ಅಂತಸ್ತಿನಲ್ಲಿ ನಿಲ್ಲಬಾರದು. ಕೆಳಗೆ ಗಾಜು, ಎಲ್‌ಇಡಿ ದೀಪ, ಪ್ಲಾಸ್ಟಿಕ್ ಬೋರ್ಡು ಬಂದು ಮುಖವೇ ಬದಲಾಗಿರುವ ಅಂಗಡಿಯ ಮೇಲ್ಭಾಗದಲ್ಲಿ ಹಳೆಯ ಮರದ ಜಾಲರಿ, ಮಂಗಳೂರು ಹೆಂಚಿನ ಸೂರು, ಪ್ಯಾರಾಪೆಟ್ ಗೋಡೆಯ ನಡುವೆ ಗಾರೆಯಲ್ಲಿ ಮೂಡಿಸಿದ ಗಜಲಕ್ಷ್ಮಿ ಇಲ್ಲವೇ ಇಸವಿ ಹಾಗೆಯೇ ಇರುವುದುಂಟು. ಪ್ರತಿ ಕಟ್ಟಡಕ್ಕೂ ಒಂದು ಸಾಲು ಬರೆದುಕೊಳ್ಳಿ: ಮುಖ ಯಾವ ದಿಕ್ಕಿಗಿದೆ, ಎದುರಿಗೆ ಎಷ್ಟು ಜಾಗವಿದೆ, ಮುಂದೆ ಕಂಬ, ಮರ, ಟ್ರಾನ್ಸ್‌ಫಾರ್ಮರ್ ಏನಾದರೂ ಅಡ್ಡ ಇದೆಯೇ, ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತದೆ.

ಬಿಸಿಲಿನ ಲೆಕ್ಕ

ದಿಕ್ಕನ್ನು ಬರೆದುಕೊಳ್ಳುವುದು ಸುಮ್ಮನೆ ಅಲ್ಲ. ಪೂರ್ವಕ್ಕೆ ಮುಖ ಮಾಡಿದ ಅಂಗಡಿಗೆ ಬೆಳಗಿನ ಬಿಸಿಲು, ಪಶ್ಚಿಮಕ್ಕೆ ಮುಖ ಮಾಡಿದ್ದಕ್ಕೆ ಸಂಜೆಯ ಬಿಸಿಲು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತೊಡಕಿರುವುದು ಉತ್ತರ ಮತ್ತು ದಕ್ಷಿಣದ ಮುಖಗಳಲ್ಲಿ. ನಮ್ಮ ಊರು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೆ ಸರಿದಿರುತ್ತಾನೆ. ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ ಇರುತ್ತಾನೆ. ಡಿಸೆಂಬರಿನಲ್ಲಂತೂ ಮಧ್ಯಾಹ್ನವೂ ಸುಮಾರು 53 ಡಿಗ್ರಿಗಿಂತ ಮೇಲೇರುವುದಿಲ್ಲ. ಆದ್ದರಿಂದ ದಕ್ಷಿಣದ ಮುಖವುಳ್ಳ ಮುಂಗಟ್ಟುಗಳಿಗೆ ನವೆಂಬರಿನಿಂದ ಜನವರಿಯವರೆಗಿನ ಕಾಲ ಹೇಳಿ ಮಾಡಿಸಿದಂತಿದೆ: ಬಿಸಿಲು ಸೂರಿನ ಕೆಳಗೂ ನುಗ್ಗಿ ಜಗಲಿಯವರೆಗೆ ಬೀಳುತ್ತದೆ. ಉತ್ತರದ ಮುಖಕ್ಕೆ ಆ ತಿಂಗಳುಗಳಲ್ಲಿ ಬಿಸಿಲೇ ಬೀಳದು; ಅದಕ್ಕೆ ಮೇ ತಿಂಗಳ ಬೆಳಗನ್ನು ಕಾಯಬೇಕು, ಇಲ್ಲವೇ ಮೋಡ ಕವಿದ ದಿನವನ್ನು ಆರಿಸಬೇಕು.

ಮೋಡದ ದಿನವೆಂದರೆ ಮೂಗು ಮುರಿಯುವವರಿದ್ದಾರೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಗುವ ಆ ಹದವಾದ ಬೆಳಕು ಇಡೀ ಮುಂಗಟ್ಟಿನ ಮೇಲೆ ಸಮನಾಗಿ ಹರಡುತ್ತದೆ; ಬಿಳಿ ಸುಣ್ಣದ ಗೋಡೆ ಸುಟ್ಟುಹೋಗದೆ, ಅಂಗಡಿಯ ಒಳಗಿನ ಕತ್ತಲೆಯೂ ಮಸಿಯಾಗದೆ ಎರಡೂ ಒಂದೇ ಚಿತ್ರದಲ್ಲಿ ಉಳಿಯುತ್ತವೆ. ಮಳೆ ನಿಂತ ಗಳಿಗೆಯಲ್ಲಿ ಒದ್ದೆಯಾದ ಜಂಬಿಟ್ಟಿಗೆಯ ಮತ್ತು ಹೆಂಚಿನ ಬಣ್ಣ ಬೇಸಿಗೆಯಲ್ಲಿ ಕಾಣುವುದಕ್ಕಿಂತ ಗಾಢವಾಗಿರುತ್ತದೆ. ಆಕಾಶವನ್ನು ಮಾತ್ರ ಚೌಕಟ್ಟಿನಿಂದ ಆದಷ್ಟು ಹೊರಗಿಡಬೇಕು, ಏಕೆಂದರೆ ಅದು ಬೆಳ್ಳಗೆ ಬಂದು ಉಳಿದದ್ದನ್ನೆಲ್ಲ ಕಪ್ಪಾಗಿಸುತ್ತದೆ.

ಗಾರೆಯ ಉಬ್ಬಕ್ಷರಗಳಿಗೆ ಈ ಮೃದು ಬೆಳಕು ಸಾಲದು, ಎದುರಿನ ಬಿಸಿಲೂ ಸಲ್ಲದು. ಹತ್ತಾರು ಸಲ ಸುಣ್ಣ ಬಳಿದು ಅಂಚು ಮುಚ್ಚಿಹೋದ ಇಸವಿಯೊಂದು ಪೂರ್ವದ ಗೋಡೆಯ ಮೇಲಿದ್ದರೆ ಬೆಳಗ್ಗೆ ಏಳಕ್ಕೆ ಅದು ಚಪ್ಪಟೆಯಾಗಿ ಕಾಣುತ್ತದೆ, ಓದಲು ಬರುವುದಿಲ್ಲ. ಅದೇ ಗೋಡೆಯ ಎದುರು ಹನ್ನೊಂದೂವರೆಯ ಹೊತ್ತಿಗೆ ನಿಂತು ನೋಡಿ. ಬಿಸಿಲು ಮೇಲಿನಿಂದ ಗೋಡೆಯನ್ನು ಸವರಿಕೊಂಡು ಇಳಿಯುತ್ತಿರುತ್ತದೆ. ಅಕ್ಷರದ ಮೇಲಂಚು ಮಿನುಗಿ, ಕೆಳಗೆ ಎಳೆಯಷ್ಟು ನೆರಳು ಬಿದ್ದು, ಮುಚ್ಚಿಹೋಗಿದ್ದ ಅಂಕಿಗಳು ಒಂದೊಂದಾಗಿ ಎದ್ದು ಬರುತ್ತವೆ. ಈ ಬೆಳಕು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಆದ್ದರಿಂದ ಒಂದು ದಿನಕ್ಕೆ ಇಂಥ ಒಂದೆರಡು ಗೋಡೆಗಳನ್ನಷ್ಟೇ ಇಟ್ಟುಕೊಳ್ಳಬೇಕು.

ಮುಂಗಟ್ಟನ್ನು ನೆಟ್ಟಗೆ ಹಿಡಿಯುವುದು

ಕ್ಯಾಮೆರಾ ದುಬಾರಿಯದಾಗಿರಬೇಕಿಲ್ಲ, ಈಚಿನ ಫೋನುಗಳು ಈ ಕೆಲಸಕ್ಕೆ ಸಾಕು. ಆದರೆ ಫೋನನ್ನು ಮೇಲಕ್ಕೆ ವಾಲಿಸಿ ಚಿತ್ರ ತೆಗೆದರೆ ಗೋಡೆಗಳು ಮೇಲೆ ಹೋದಂತೆ ಒಳಕ್ಕೆ ಬಾಗಿ, ಕಟ್ಟಡ ಹಿಂದಕ್ಕೆ ಬೀಳುವಂತೆ ಕಾಣುತ್ತದೆ. ಇದನ್ನು ತಪ್ಪಿಸಲು ಇರುವ ದಾರಿ ಒಂದೇ: ಕ್ಯಾಮೆರಾ ನೆಲಕ್ಕೆ ಲಂಬವಾಗಿ, ಗೋಡೆಗೆ ಸಮಾನಾಂತರವಾಗಿ ಇರಬೇಕು. ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಗ್ರಿಡ್ ಗೆರೆಗಳನ್ನೂ ಲೆವೆಲ್ ಸೂಚಕವನ್ನೂ ಆನ್ ಮಾಡಿ, ಅಂಗಡಿಯ ಹೊಸಿಲನ್ನು ಅಡ್ಡಗೆರೆಗೂ ಬಾಗಿಲಿನ ಚೌಕಟ್ಟನ್ನು ಉದ್ದಗೆರೆಗೂ ಹೊಂದಿಸಿಕೊಳ್ಳಬೇಕು.

ಹಾಗೆ ನೆಟ್ಟಗೆ ಹಿಡಿದಾಗ ಮೇಲಿನ ಪ್ಯಾರಾಪೆಟ್ ಚೌಕಟ್ಟಿನಿಂದ ತಪ್ಪಿಹೋಗುತ್ತದಲ್ಲ ಎಂಬುದು ಎಲ್ಲರ ಪ್ರಶ್ನೆ. ಅದಕ್ಕೆ ದೂರದ ಲೆಕ್ಕ ಬೇಕು. ಫೋನಿನ ಮುಖ್ಯ ಲೆನ್ಸು ಸಾಮಾನ್ಯವಾಗಿ ಪೂರ್ಣ ಗಾತ್ರದ ಕ್ಯಾಮೆರಾದ 24ರಿಂದ 26 ಮಿಲಿಮೀಟರ್ ಲೆನ್ಸಿಗೆ ಸಮನಾಗಿರುತ್ತದೆ. ಅದರ ಚೌಕಟ್ಟಿನ ಉದ್ದ ಬದಿಯಲ್ಲಿ ನೀವು ನಿಂತ ದೂರದ ಹತ್ತಿರಹತ್ತಿರ ಒಂದೂವರೆ ಪಟ್ಟು ಹಿಡಿಸುತ್ತದೆ. ಏಳು ಮೀಟರ್ ಎತ್ತರದ ಎರಡಂತಸ್ತಿನ ಅಂಗಡಿಯಾದರೆ, ಫೋನನ್ನು ಉದ್ದಕ್ಕೆ ಹಿಡಿದು ಎಂಟು ಮೀಟರಿನಷ್ಟು ಹಿಂದೆ ನಿಂತರೆ, ವಾಲಿಸದೆಯೇ ತುದಿಯವರೆಗೆ ಸಿಗುತ್ತದೆ. ಕೆಳಗಿನ ಅರ್ಧದಲ್ಲಿ ರಸ್ತೆ ತುಂಬಿಕೊಂಡಿರುತ್ತದೆ. ಅದನ್ನು ಆಮೇಲೆ ಕತ್ತರಿಸಿದರಾಯಿತು. ರಸ್ತೆ ಅಷ್ಟು ಅಗಲವಿಲ್ಲದಿದ್ದರೆ ಎದುರಿನ ಕಟ್ಟಡದ ಮಹಡಿಗೆ ಅಥವಾ ತಾರಸಿಗೆ ಹೋಗಲು ಅನುಮತಿ ಕೇಳಿ. ಅಲ್ಲಿಂದ ಸಿಗುವ ನೋಟದಲ್ಲಿ ಗೆರೆಗಳು ನೇರವಾಗಿರುವುದಷ್ಟೇ ಅಲ್ಲ, ಕೆಳಗೆ ನಿಲ್ಲಿಸಿದ ಬೈಕುಗಳ ಸಾಲೂ ಅರ್ಧ ಮರೆಯಾಗಿ, ಹೆಂಚಿನ ಮಾಡಿನ ಇಳಿಜಾರೂ ಕಾಣುತ್ತದೆ. ಅಲ್ಟ್ರಾವೈಡ್ ಲೆನ್ಸನ್ನು ಮಾತ್ರ ಬಳಸದಿರುವುದು ಲೇಸು: ಅಂಚಿನಲ್ಲಿರುವ ಕಂಬಗಳು ಹಿಗ್ಗಿ, ಕಟ್ಟಡದ ಅಳತೆಯೇ ಸುಳ್ಳಾಗುತ್ತದೆ.

ಕೈಯಲ್ಲಿ ನಿಜವಾದ ಕ್ಯಾಮೆರಾ ಇದ್ದರೆ 35 ಅಥವಾ 50 ಮಿಲಿಮೀಟರ್ ಲೆನ್ಸು, ಎಫ್ 8 ರಂಧ್ರ (ಅಪರ್ಚರ್), 100ರಿಂದ 400ರೊಳಗಿನ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ), ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲು. ಇದಕ್ಕಿಂತ ಹೆಚ್ಚಿನ ಚಿಂತೆ ಬೇಡ. ಬಿಳಿ ಬೋರ್ಡಿಗೆ ಬಿಸಿಲು ಬಿದ್ದಿದ್ದರೆ ಆ ಬೋರ್ಡಿನ ಅಕ್ಷರ ಉಳಿಯುವಂತೆ ಬೆಳಕನ್ನು ಇಳಿಸಬೇಕು. ಕತ್ತಲಾದ ಒಳಭಾಗವನ್ನು ಆಮೇಲೆ ಎತ್ತಬಹುದು, ಬೆಳ್ಳಗೆ ಸುಟ್ಟುಹೋದ ಅಕ್ಷರವನ್ನು ಯಾವ ತಂತ್ರಾಂಶವೂ ತಂದುಕೊಡುವುದಿಲ್ಲ. ಸಂಜೆ ಟ್ಯೂಬ್‌ಲೈಟ್ ಹೊತ್ತಿಸಿದ ಅಂಗಡಿಯಲ್ಲಿ ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಬರುವುದುಂಟು. ನಮ್ಮ ವಿದ್ಯುತ್ತು 50 ಹರ್ಟ್ಸಿನದು, ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಷಟರ್ ವೇಗವನ್ನು ಸೆಕೆಂಡಿನ ಐವತ್ತನೆಯ ಅಥವಾ ನೂರನೆಯ ಒಂದು ಭಾಗಕ್ಕೆ ಇಟ್ಟರೆ ಪಟ್ಟೆಗಳು ಮಾಯವಾಗುತ್ತವೆ.

ಮುಚ್ಚಿದಾಗ ಒಮ್ಮೆ, ತೆರೆದಾಗ ಒಮ್ಮೆ

ಒಂದೇ ಅಂಗಡಿಯನ್ನು ಎರಡು ಹೊತ್ತಿನಲ್ಲಿ ತೆಗೆಯದಿದ್ದರೆ ದಾಖಲೆ ಅರ್ಧವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹಳೆಯ ಹಲಗೆ ಬಾಗಿಲು ಕಾಣುವುದು ಅಂಗಡಿ ಮುಚ್ಚಿದಾಗ ಮಾತ್ರ. ರೋಲಿಂಗ್ ಷಟರ್ ಬರುವ ಮೊದಲು ಎಲ್ಲ ಪೇಟೆಗಳಲ್ಲೂ ಇದ್ದ ಈ ಬಾಗಿಲುಗಳು ಈಗ ಅಲ್ಲೊಂದು ಇಲ್ಲೊಂದು ಉಳಿದಿವೆ. ಹತ್ತಿರ ಹೋಗಿ ನೋಡಿದರೆ ಮೇಲಿನ ತೊಲೆಯಲ್ಲೂ ಕೆಳಗಿನ ಹೊಸಿಲಿನಲ್ಲೂ ಒಂದೊಂದು ಗಾಡಿ, ಅಂದರೆ ಹಲಗೆ ಕೂರುವ ಉದ್ದನೆಯ ತೋಡು, ಕೊರೆದಿರುತ್ತದೆ. ಒಂದು ತುದಿಯಲ್ಲಿ ಹಲಗೆ ಒಳಸೇರಿಸಲು ಬಿಟ್ಟ ಕಚ್ಚಿನ ಬಳಿ ಮರ ಸವೆದು ನುಣುಪಾಗಿರುತ್ತದೆ. ಒಂದೊಂದು ಹಲಗೆಯೂ ತನ್ನ ಜಾಗದಲ್ಲೇ ಕೂರಬೇಕಾದ್ದರಿಂದ ಅವುಗಳ ಮೇಲೆ ಬಣ್ಣದಿಂದಲೋ ಉಳಿಯಿಂದಲೋ ಗುರುತು ಮಾಡಿರುತ್ತಾರೆ, ಕೆಲವೆಡೆ ೧, ೨, ೩ ಎಂದು ಕನ್ನಡ ಅಂಕಿಗಳಲ್ಲೇ. ಕೊನೆಯ ಹಲಗೆ ಕೂತ ಮೇಲೆ ಅಡ್ಡಲಾಗಿ ಕಬ್ಬಿಣದ ಪಟ್ಟಿ, ಅದರ ತುದಿಗೆ ಬೀಗ. ಇಡೀ ಬಾಗಿಲಿನ ಒಂದು ಚಿತ್ರ, ಅಂಕಿಗಳದೊಂದು, ಹೊಸಿಲಿನ ಗಾಡಿಯದೊಂದು, ಬೀಗ ಮತ್ತು ಪಟ್ಟಿಯದೊಂದು ತೆಗೆಯಬೇಕು. ಯಜಮಾನರು ಒಪ್ಪಿದರೆ ಬೆಳಗ್ಗೆ ಅವರು ಹಲಗೆಗಳನ್ನು ಒಂದೊಂದಾಗಿ ಸರಿಸಿ ತೆಗೆದು ಪಕ್ಕಕ್ಕೆ ಒರಗಿಸುವ ಕ್ರಮವನ್ನು ವಿಡಿಯೋ ಮಾಡಿ. ಬಾಗಿಲು ಉಳಿದರೂ ಆ ಕೈಚಳಕ ಉಳಿಯುವ ಭರವಸೆಯಿಲ್ಲ.

ಬೋರ್ಡುಗಳಿಗೂ ಇಷ್ಟೇ ಗಮನ ಬೇಕು. ಕೈಯಲ್ಲಿ ಬರೆದ ತಗಡಿನ ಬೋರ್ಡಿನ ಕೆಳಮೂಲೆಯಲ್ಲಿ ಬೆರಳುಗಾತ್ರದ ಅಕ್ಷರಗಳಲ್ಲಿ ಬರೆದ ಕಲಾವಿದರ ಹೆಸರು, ಅದರ ಮುಂದೆ ‘ಆರ್ಟ್ಸ್’ ಎಂಬ ಪದ ಇರುವುದುಂಟು. ಅದನ್ನು ಬಿಡದೆ ತೆಗೆಯಿರಿ. ಒಂದೇ ಕೈಬರಹ ಮೂರು ಬೀದಿಗಳಲ್ಲಿ ಸಿಕ್ಕಿದರೆ ಊರಿನ ಬೋರ್ಡುಗಳನ್ನೆಲ್ಲ ಬರೆದವರು ಯಾರೆಂಬುದರ ಎಳೆ ಸಿಕ್ಕಂತೆ. ನಾಮಫಲಕಗಳಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕೆಂದು 2024ರ ತಿದ್ದುಪಡಿ ಕಾಯ್ದೆ ಹೇಳಿರುವುದರಿಂದ ಅನೇಕ ಬೋರ್ಡುಗಳು ಬದಲಾಗುತ್ತಿವೆ. ಕನ್ನಡ ಹೆಚ್ಚಿದ್ದು ಸಂತೋಷವೇ. ಆದರೆ ಹಳೆಯದು ಗುಜರಿಗೆ ಹೋಗುವ ಮುನ್ನ ಒಂದು ಚಿತ್ರವಾದರೂ ಇರಲಿ. ಗಾಜಿನ ಹಿಂದಿರುವ ಬೋರ್ಡನ್ನು ನೇರ ಎದುರಿನಿಂದ ತೆಗೆಯುವಾಗ ಪೋಲರೈಸರ್ ಫಿಲ್ಟರು ಪ್ರತಿಫಲನವನ್ನು ತೆಗೆಯಲಾರದು, ಅದು ಓರೆಯಾಗಿ ನಿಂತಾಗ ಮಾತ್ರ ಕೆಲಸ ಮಾಡುತ್ತದೆ; ನಿಮ್ಮ ಹಿಂದೆ ಒಬ್ಬರು ಕಪ್ಪು ಬಟ್ಟೆ ಹರಡಿ ಹಿಡಿದರೆ ಅದಕ್ಕಿಂತ ಒಳ್ಳೆಯ ಫಲ ಸಿಗುತ್ತದೆ.

ಕಾಲವನ್ನು ಊಹಿಸುವ ಗುರುತುಗಳು

ಇಸವಿ ಬರೆಯದ ಬೋರ್ಡಿನ ಕಾಲವನ್ನೂ ಒಂದು ಮಟ್ಟಿಗೆ ಹೇಳಬಹುದು. ‘ಮೈಸೂರು ರಾಜ್ಯ’ ಎಂದಿದ್ದರೆ ಅದು ಬಹುತೇಕ 1973ರ ನವೆಂಬರ್ 1ಕ್ಕಿಂತ ಹಿಂದಿನದು. ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಟಿನ್ ಸಂಖ್ಯೆ, ಅಂದರೆ ವ್ಯಾಪಾರಿಯ ತೆರಿಗೆ ನೋಂದಣಿ ಸಂಖ್ಯೆ, ಜಿಎಸ್‌ಟಿಗೆ ಮೊದಲಿದ್ದ ವ್ಯಾಟ್ ತೆರಿಗೆಯ ಕಾಲದ್ದು, ಅಂದರೆ 2005ರಿಂದ 2017ರೊಳಗಿನದು. ಜಿಎಸ್‌ಟಿ ಸಂಖ್ಯೆ 2017ರ ಜುಲೈಯ ಈಚಿನದು. ಇಂಗ್ಲಿಷಿನಲ್ಲಿ ಜಿಲ್ಲೆಯ ಹೆಸರು ‘ಶಿಮೊಗ’ ಎಂದಿದ್ದರೆ 2014ರ ನವೆಂಬರಿಗೆ ಮುಂಚಿನದಿರಬಹುದು, ಆದರೆ ಹಳೆಯ ರೂಢಿಯನ್ನು ಬಿಡದವರು ಬಹಳ ಮಂದಿ ಇದ್ದಾರೆ. ಗಾರೆಯಲ್ಲಿ ಇಸವಿಯ ಬದಲು ಸಂವತ್ಸರದ ಹೆಸರಿದ್ದರೆ ಪಂಚಾಂಗ ನೋಡಬೇಕು: ‘ಪ್ರಮಾಥಿ’ ಎಂದರೆ 1939–40 ಇರಬಹುದು, 1999–2000 ಕೂಡ ಇರಬಹುದು, ಗೋಡೆ ಗಾರೆಯದೋ ಸಿಮೆಂಟಿನದೋ ಎಂಬುದು ಆಗ ತೀರ್ಮಾನಕ್ಕೆ ನೆರವಾಗುತ್ತದೆ. ರಿಪೇರಿಗೆಂದು ಇಳಿಸಿದ ಹೆಂಚು ಸಿಕ್ಕಿದರೆ ತಿರುಗಿಸಿ ನೋಡಿ, ತಯಾರಿಸಿದ ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಅನೇಕರು ಆ ಉದ್ಯಮಕ್ಕೆ ಇಳಿದರು. ಒಂದು ಎಚ್ಚರಿಕೆ ಮಾತ್ರ ಇರಲಿ: ಬೋರ್ಡಿನ ವಯಸ್ಸು ಕಟ್ಟಡದ ವಯಸ್ಸಲ್ಲ, ಹೆಂಚಿನ ವಯಸ್ಸು ಗೋಡೆಯದಲ್ಲ. ಮೂರನ್ನೂ ಬೇರೆ ಬೇರೆಯಾಗಿಯೇ ಬರೆದಿಡಬೇಕು.

ಅಂಗಡಿಯವರೊಡನೆ ಮಾತು

ರಸ್ತೆಯಲ್ಲಿ ನಿಂತು ಕಟ್ಟಡದ ಹೊರಮುಖದ ಚಿತ್ರ ತೆಗೆಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ; 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಕೂಡ ವಾಸ್ತುಕೃತಿಯ ಛಾಯಾಚಿತ್ರವನ್ನು ಉಲ್ಲಂಘನೆಯೆಂದು ಎಣಿಸುವುದಿಲ್ಲ. ಕಾರ್ಖಾನೆಯ ಗೇಟು, ಆವರಣ, ರೈಲ್ವೆ ಜಾಗಗಳ ಮಾತು ಬೇರೆ, ಅಲ್ಲಿ ಲಿಖಿತ ಅನುಮತಿ ಇಲ್ಲದೆ ಕ್ಯಾಮೆರಾ ಎತ್ತಬಾರದು. ಆದರೆ ಕಾನೂನು ಬಿಟ್ಟಿತೆಂದು ಕೇಳದೆ ತೆಗೆಯುವುದು ಪೇಟೆಯ ಮರ್ಯಾದೆಯಲ್ಲ. ಯಾರಾದರೂ ಅಂಗಡಿಯ ಮುಂದೆ ನಿಂತು ಅಳೆದಂತೆ ನೋಡುತ್ತಿದ್ದರೆ ಒಳಗಿನಿಂದ ಬರುವ ಮೊದಲ ಪ್ರಶ್ನೆ, “ಏನ್ ಸಾರ್, ನಗರಸಭೆಯೋರಾ? ರೋಡ್ ಅಗಲ ಮಾಡ್ತಾರಾ?” ಎಂಬುದು. ಆ ಭಯ ಸಕಾರಣವಾದದ್ದು. ಅದನ್ನು ನಕ್ಕು ತಳ್ಳಿಹಾಕಬಾರದು. “ಇಲ್ಲ ಯಜಮಾನ್ರೇ, ಹಳೇ ಅಂಗಡಿಗಳ ಫೋಟೋ ತೆಗೆದು ಇಡ್ತಾ ಇದೀನಿ. ನಿಮ್ಮ ಬೋರ್ಡ್ ತುಂಬಾ ಚೆನ್ನಾಗಿದೆ, ತಗೋಬಹುದಾ?” ಎಂದು ನಿಧಾನವಾಗಿ ಹೇಳಿ, ಮೊದಲು ತೆಗೆದ ಚಿತ್ರಗಳನ್ನು ಫೋನಿನಲ್ಲಿ ತೋರಿಸಿದರೆ ಹೆಚ್ಚಿನವರು ಒಪ್ಪುತ್ತಾರೆ. ಬೇಡವೆಂದರೆ ನಮಸ್ಕಾರ ಹೇಳಿ ಮುಂದೆ ಹೋಗಬೇಕು. ವ್ಯಾಪಾರದ ಹೊತ್ತಿನಲ್ಲಿ, ಅದರಲ್ಲೂ ಗಿರಾಕಿ ಎದುರಿಗಿರುವಾಗ, ಮಾತಿಗೆ ಎಳೆಯಬಾರದು. ಮಧ್ಯಾಹ್ನ ಮೂರರ ಸುಮಾರಿಗೆ ಅವರೇ ಸ್ಟೂಲು ಸರಿಸಿ ಕೂರಿಸುತ್ತಾರೆ. ಕಟ್ಟಡ ಯಾರು ಕಟ್ಟಿಸಿದ್ದು, ಮೊದಲು ಯಾವ ಅಂಗಡಿ ಇತ್ತು, ಬೋರ್ಡು ಬರೆದವರು ಯಾರು, ಕಾರ್ಖಾನೆಯ ಸಂಬಳದ ದಿನ ವ್ಯಾಪಾರ ಹೇಗಿರುತ್ತಿತ್ತು ಎಂಬ ನಾಲ್ಕು ಪ್ರಶ್ನೆಗಳಿಗೆ ಸಿಗುವ ಉತ್ತರವನ್ನು ಅವರ ಅನುಮತಿಯಿಂದ ರೆಕಾರ್ಡ್ ಮಾಡಿಕೊಳ್ಳಿ. ಸಾಲದ ಲೆಕ್ಕದ ಪುಸ್ತಕ ಮೇಜಿನ ಮೇಲಿದ್ದರೆ ಚೌಕಟ್ಟಿನಿಂದ ಹೊರಗಿಡಿ. ಅದರಲ್ಲಿ ಇನ್ನೊಬ್ಬರ ಹೆಸರುಗಳಿರುತ್ತವೆ.

ಮನೆಗೆ ಬಂದ ಮೇಲೆ

ಮಳೆಗಾಲದಲ್ಲಿ ಅಲೆದು ಬಂದ ಕ್ಯಾಮೆರಾವನ್ನು ಚೀಲದಲ್ಲೇ ಬಿಟ್ಟರೆ ಲೆನ್ಸಿಗೆ ಬೂಷ್ಟು ಹಿಡಿಯುವುದು ಮಲೆನಾಡಿನವರಿಗೆ ಹೊಸದಲ್ಲ. ಒರೆಸಿ, ಫ್ಯಾನಿನ ಕೆಳಗೆ ಆರಿಸಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಬೇಕು.

ಚಿತ್ರಗಳಿಗೆ ಹೆಸರಿಡುವ ಕೆಲಸವನ್ನು ಅದೇ ರಾತ್ರಿ ಮುಗಿಸಿ, ವಾರ ಕಳೆದರೆ ಯಾವ ಬಾಗಿಲು ಯಾವ ಬೀದಿಯದೆಂದು ನೆನಪಿರುವುದಿಲ್ಲ. ದಿನಾಂಕ, ರಸ್ತೆ, ಅಂಗಡಿಯ ಹೆಸರು, ಮುಖದ ದಿಕ್ಕು, ಮುಚ್ಚಿದೆಯೋ ತೆರೆದಿದೆಯೋ ಎಂಬ ಐದು ಸಂಗತಿಗಳು ಫೈಲಿನ ಹೆಸರಿನಲ್ಲೇ ಇರಲಿ. ಬೋರ್ಡಿನ ಮೇಲಿನ ಬರಹವನ್ನು ಇದ್ದ ಕಾಗುಣಿತದಲ್ಲೇ ಟೈಪು ಮಾಡಿ ಸೇರಿಸಿ, ತಿದ್ದಬೇಡಿ. ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಿ. ಎಲ್ಲರಿಗೂ ಸಿಗಲಿ ಎಂದಿದ್ದರೆ ವಿಕಿಮೀಡಿಯಾ ಕಾಮನ್ಸ್ ಎಂಬ ಅಂತರ್ಜಾಲದ ಚಿತ್ರಭಂಡಾರಕ್ಕೆ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ಏರಿಸಬಹುದು. ಆಗ ವಿವರಣೆಯನ್ನು ಕನ್ನಡದಲ್ಲೂ ಬರೆದರೆ ನಮ್ಮವರಿಗೆ ಹುಡುಕಿದಾಗ ಸಿಗುತ್ತದೆ. ನಿಂತ ಜಾಗವನ್ನು ‘ಎದುರಿನ ಔಷಧಿ ಅಂಗಡಿಯ ಎರಡನೆಯ ಮೆಟ್ಟಿಲು’ ಎಂಬಷ್ಟು ಸ್ಪಷ್ಟವಾಗಿ ಬರೆದಿಟ್ಟರೆ ಮುಂದೆ ಯಾರಾದರೂ ಅದೇ ಜಾಗದಲ್ಲಿ ನಿಂತು ಮತ್ತೊಂದು ಚಿತ್ರ ತೆಗೆಯಬಹುದು.

ಒಂದು ಚಿತ್ರವನ್ನು 4×6 ಅಳತೆಯಲ್ಲಿ ಪ್ರಿಂಟ್ ಹಾಕಿಸಿ ಅಂಗಡಿಗೆ ಕೊಟ್ಟು ಬನ್ನಿ. ಇದು ಸೌಜನ್ಯವಷ್ಟೇ ಅಲ್ಲ. ಪ್ರಿಂಟನ್ನು ಕೈಯಲ್ಲಿ ಹಿಡಿದ ಮೇಲೆ ಯಜಮಾನರು ಮನೆಯ ಹಿರಿಯರನ್ನು ಕರೆದು ತೋರಿಸುತ್ತಾರೆ. ಮೊದಲ ಸಲ ಹೇಳಿದ್ದ ಇಸವಿ ತಪ್ಪೆಂದು, ಮೇಲಿನ ಕಿಟಕಿ ಆಮೇಲೆ ಒಡೆದು ಇಟ್ಟದ್ದೆಂದು, ಎಡಗಡೆಯ ಮಳಿಗೆ ಮೊದಲು ಬಾಡಿಗೆ ಸೈಕಲ್ಲಿನದಾಗಿತ್ತೆಂದು ಅವರವರಲ್ಲೇ ವಾದ ಹುಟ್ಟುತ್ತದೆ. ಆ ತಿದ್ದುಪಡಿಗಳನ್ನು ಹಳೆಯ ಟಿಪ್ಪಣಿಯನ್ನು ಅಳಿಸದೆ, ಹೇಳಿದ ದಿನಾಂಕದೊಂದಿಗೆ ಅದರ ಕೆಳಗೆ ಸೇರಿಸಿ ಬರೆಯಿರಿ.